ತೃತೀಯಾ ಪ್ರಕೃತಿಯವರ ಪ್ರಕಟನಪತ್ರಗಳು

ಕಾವ್ಯವನ್ನೂ ನಾಟಕವನ್ನೂ ವಿಮರ್ಶಿಸುವ ಸಂಪ್ರದಾಯವು ಕನ್ನಡದಲ್ಲಿ ಚೆನ್ನಾಗಿ ಬೇರೂರಿರುವುದು. ಸಭೆಯ ದಿನವನ್ನೂ ಸ್ಥಳವನ್ನೂ ತಿಳಿಸುವ ಪ್ರಕಟನಪತ್ರವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಂಡುದಿಲ್ಲ. ಅದು ಓದಿ ಮಡಿಸಿ ಗೂಡಿನಲ್ಲಿಟ್ಟು ಮರೆಯತಕ್ಕ ವಸ್ತು. ಅದರಲ್ಲಿ ರಸವನ್ನು ಹುಡುಕುವವನು ಅರಸಿಕನೆಂದೇ ಎನಿಸಿಕೊಳ್ಳುವನು. ಆದರೆ ಯಾವ ಜನಕ್ಕೆ ತಮ್ಮನ್ನು ಕುರಿತು ಹೇಳಿಕೊಳ್ಳಲು ಬೈಗುಳವಲ್ಲದ ಒಂದು ಮಾತೂ ಹುಟ್ಟಿದ ಊರಿನಲ್ಲಿ ದೊರೆಯದೋ, ಆ ಜನ ಹೊರಡಿಸುವ ಪ್ರಕಟನೆಯಲ್ಲಿ ಪ್ರತಿಯೊಂದು ಶಬ್ದವನ್ನೂ ತೂಗಿ ಇಡಬೇಕಾಗುವುದು. ಅಂತಹ ಬರಹವನ್ನು ಪರೀಕ್ಷಿಸುವುದು ಸಾಹಿತ್ಯ ವಿಮರ್ಶೆಯ ಎಲ್ಲೆಯನ್ನು ಮೀರಿದ ಕಾರ್ಯವಲ್ಲ.

ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಪ್ರೀತಿಸುವವರು, ಗಂಡೆಂದು ಹುಟ್ಟಿ ಹೆಣ್ಣಾಗಿ ಅಥವಾ ಹೆಣ್ಣೆಂದು ಹುಟ್ಟಿ ಗಂಡಾಗಿ ಬಾಳುವವರು, ಇವರ ಕೂಟಗಳು ಬೆಂಗಳೂರಿನಲ್ಲಿ ಮೂವತ್ತು ವರ್ಷಗಳಿಂದ ಇರುವುವು. 1994ರಲ್ಲಿ ‘ಗುಡ್ ಆಸ್ ಯು’ ಎಂಬ ಕೂಟವು ವಾರಕ್ಕೊಮ್ಮೆ, ಗುರುವಾರದ ಸಂಜೆ, ಸೇರಲು ಮೊದಲಾಯಿತು. 1999ರಲ್ಲಿ ‘ಸಂಗಮ’ ಹುಟ್ಟಿತು. ಅನಂತರ ‘ಪಯಣ’, ‘ಜೀವ’, ‘ಒಂದೆಡೆ’ ಎಂಬಿವು ಬಂದುವು. 2008ನೆಯ ಇಸವಿ ಜೂನ್ 29ರಂದು ಬೆಂಗಳೂರಿನ ಬೀದಿಯಲ್ಲಿ ಇವರ ಮೊದಲ ಮೆರವಣಿಗೆ ನಡೆಯಿತು. ಈ ಕೂಟಗಳಲ್ಲಿ ಮುಂದೆ ನಡೆಯತಕ್ಕ ಸಭೆ, ಚಲನಚಿತ್ರ ಪ್ರದರ್ಶನ, ಕಾನೂನು ಸಲಹೆ, ವೈದ್ಯರ ಭೇಟಿ, ಶೋಕಸಭೆ ಇವುಗಳ ಸುದ್ದಿಯೇ ಪ್ರಕಟನಪತ್ರಗಳ ವಿಷಯ. ಮೊದಲು ಕಾಗದದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದುದು ಈಗ ಮೊಬೈಲಿನಲ್ಲಿ ಬರುವುದು. ಚನ್ನರಾಯಪಟ್ಟಣದ ತಾಲ್ಲೂಕಿನ ಬಾಗೂರು ಹೋಬಳಿಯಲ್ಲಿ ಕುಳಿತ ಇಪ್ಪತ್ತರ ಹುಡುಗನೊಬ್ಬನು, ಅಡಿಗೆಮನೆಯಲ್ಲಿ ತಾಯಿ ಸಾರಿಗೆ ಒಗ್ಗರಣೆ ಹಾಕುತ್ತಿರುವಾಗ, ನಡುಮನೆಯಲ್ಲಿ ಅದನ್ನು ಓದಬಹುದು. ಅವನು ಓದಿದ್ದು ಅವನಿಗೆ ಅರ್ಥವಾಗುವುದೇ, ತಾಯಿ ಕೇಳಿದರೆ ಆಕೆಗೆ ಅದನ್ನು ಆಡಿ ತೋರಿಸಲು ಬರುವುದೇ ಎಂಬ ಎರಡೇ ಒರೆಗಲ್ಲುಗಳಿಂದ ಈ ಬರಹವನ್ನು ನೋಡತಕ್ಕುದಾಗಿದೆ.

ಕೂಟಗಳ ಹೆಸರುಗಳನ್ನು ಮೊದಲು ಮೆಚ್ಚಬೇಕು. ಸಂಗಮ, ಪಯಣ, ಜೀವ ಎಂಬಿವು ಮಗ್ಗಿಯಷ್ಟು ಸುಲಭವಾದ ಮಾತುಗಳು. ಅಕ್ಕೈ ಪದ್ಮಶಾಲಿಯವರು ಕಟ್ಟಿದ ‘ಒಂದೆಡೆ’ಯಂತೂ ಅಚ್ಚಗನ್ನಡ, ‘ಎಡೆ’ ಎಂದರೆ ಸ್ಥಳವೂ ಹೌದು, ಬಾಳೆಯೆಲೆಯ ಮೇಲೆ ಬಡಿಸಿದ ಊಟವೂ ಹೌದು. ಮನೆಯ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರು ಕೂಡುವ ಸ್ಥಾನಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ. ಹೆಸರಿಡುವಾಗ ಇಷ್ಟು ಬಲ್ಲವರು ಒಳಗಿನ ವಾಕ್ಯಗಳಲ್ಲಿ ಏಕೆ ಎಡವುವರೆಂಬುದೇ ಆಶ್ಚರ್ಯ.

ಎಡವುವುದು ತಮ್ಮನ್ನು ಕರೆದುಕೊಳ್ಳುವ ಶಬ್ದದಿಂದಲೇ ಆರಂಭವಾಗುತ್ತದೆ. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬುದು ಬಹುಕಾಲ ನಡೆದ ಪ್ರಯೋಗ. ಇದರಲ್ಲಿ ದೋಷ ಎರಡು. ‘ಲೈಂಗಿಕ’ ಎಂದೊಡನೆ ಓದುಗನ ಮನಸ್ಸು ಮನುಷ್ಯನನ್ನು ಬಿಟ್ಟು ಹಾಸಿಗೆಗೆ ಹೋಗುವುದು. ‘ಅಲ್ಪ’ನೆಂದರೆ ಕನ್ನಡದಲ್ಲಿ ಎಣಿಕೆಯಲ್ಲಿ ಕಡಮೆಯವನು ಮಾತ್ರವಲ್ಲ, ಗುಣದಲ್ಲಿ ಕೀಳಾದವನೂ ಆಗಿರುವನು. ಸರಕಾರದ ಆಜ್ಞೆಗಳಲ್ಲಿ ಬಳಕೆಯಾಗುವ ‘ಲಿಂಗತ್ವ ಅಲ್ಪಸಂಖ್ಯಾತರು’ ಮೊದಲನೆಯ ದೋಷವನ್ನು ಕಳೆದು ಎರಡನೆಯದನ್ನು ಉಳಿಸಿಕೊಂಡಿರುವುದು. ವೃತ್ತಪತ್ರಿಕೆಗಳಿಗೆ ಪ್ರಿಯವಾದ ‘ತೃತೀಯ ಲಿಂಗಿ’ಯನ್ನು ಕೇಳಿದವರು ಮೊದಲನೆಯವರು ಯಾರು, ಎರಡನೆಯವರು ಯಾರು ಎಂದು ಪ್ರಶ್ನಿಸಿದರೆ ತಪ್ಪಿಲ್ಲ. ಅದಲ್ಲದೆ ಹೆಣ್ಣಾಗಿ ಬಾಳುವ ಅನೇಕರು ತಾವು ಹೆಣ್ಣೆಂದೇ ಹೇಳುವರು, ಮೂರನೆಯದೆಂದಲ್ಲ. ‘ಮಂಗಳಮುಖಿ’ ಎಂಬುದು ಕಿವಿಗೆ ಇಂಪು. ಆದರೆ ಸಿಡುಬನ್ನು ‘ಅಮ್ಮ’ನೆಂದೂ ಇರುಳಿನಲ್ಲಿ ಹಾವನ್ನು ‘ಹುಳು’ವೆಂದೂ ಕರೆಯುವ ಜನ ಆ ಹೆಸರುಗಳನ್ನಿಟ್ಟುದು ಪ್ರೀತಿಯಿಂದಲ್ಲ. ಭಯದಿಂದ ಹುಟ್ಟಿದ ಗೌರವಕ್ಕೂ ಗೌರವಕ್ಕೂ ಬಹಳ ಅಂತರವುಂಟು.

ಬೀದಿಯ ಮಾತುಗಳನ್ನು ಇಲ್ಲಿ ಪಟ್ಟಿಮಾಡುವುದು ಅನಾವಶ್ಯಕ, ಎಲ್ಲರಿಗೂ ತಿಳಿದುವೇ. ಒಂದನ್ನು ಮಾತ್ರ ಎತ್ತಬಹುದು. ಇಂತಹವರನ್ನು ಕಂಡು ಪಡ್ಡೆಹುಡುಗರು ‘ಒಂಬತ್ತು’ ಎಂದು ಕೂಗುವುದುಂಟು. ಕೂಗುವ ಹುಡುಗರಿಗೆ ತಿಳಿಯದ ವಿಷಯವೆಂದರೆ, ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಎಣಿಸಿದುದೂ ಒಂಬತ್ತೇ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಗಳಲ್ಲದೆ ಎರಡು ಕೂಡಿದ್ದು, ಮೂರೂ ಕೂಡಿದ್ದು, ವಿಶೇಷ್ಯವನ್ನು ಅನುಸರಿಸಿ ಬದಲಾಗುವುದು ಎಂದು ಆತನ ಲೆಕ್ಕ ಬೆಳೆಯುವುದು. ಅದು ಶಬ್ದಗಳ ಲೆಕ್ಕ, ದೇಹಗಳದಲ್ಲ, ನಿಜ. ಆದರೂ ಮೂರರಲ್ಲಿ ಮುಗಿಯದ ಜಗತ್ತನ್ನು ಕಂಡು ಆ ಜೈನಕವಿ ಬೆದರಲಿಲ್ಲ.

ಸಂಸ್ಕೃತ ಪಾಠಶಾಲೆಯ ಹುಡುಗರು ಅರ್ಥ ತಿಳಿಯುವ ಮೊದಲೇ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಅದರ ಮನುಷ್ಯವರ್ಗದಲ್ಲಿ ‘ತೃತೀಯಾಪ್ರಕೃತಿ’ ಎಂಬ ಮಾತು ಷಂಡ, ಕ್ಲೀಬ ಎಂಬ ಮಾತುಗಳ ಜತೆಯಲ್ಲಿಯೇ ಬರುವುದು. ವಾತ್ಸ್ಯಾಯನನೂ ಅದೇ ಶಬ್ದವನ್ನು ಬಳಸಿದ್ದಾನೆ. ‘ಪ್ರಕೃತಿ’ ಎಂದರೆ ಸ್ವಭಾವ. ಜತೆಯ ‘ಕ್ಲೀಬ’ದಲ್ಲಿ ತಿರಸ್ಕಾರವಿರುವಷ್ಟು ಅದರಲ್ಲಿಲ್ಲ. ಭಗವದ್ಗೀತೆಯ ಆರಂಭದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಕ್ಲೈಬ್ಯ ಬೇಡವೆಂದು ಹೇಳುವನಷ್ಟೆ. ವಿರಾಟನ ಅಂತಃಪುರದಲ್ಲಿ ಬೃಹನ್ನಳೆಯಾಗಿ ಒಂದು ವರ್ಷವನ್ನು ಕಳೆದು, ಉತ್ತರೆಗೆ ನಾಟ್ಯವನ್ನು ಕಲಿಸಿ, ಹೆದರಿದ ಉತ್ತರಕುಮಾರನನ್ನು ರಥದ ಮೇಲೆ ಕೂರಿಸಿಕೊಂಡು ಕುರುಸೈನ್ಯವನ್ನು ಗೆದ್ದ ಮೇಲೆ ಅರ್ಜುನನಿಗೆ ಆ ಮಾತು ಹೇಗೆ ಕೇಳಿಸಿತೋ ವ್ಯಾಖ್ಯಾನಕಾರರು ವಿಚಾರಿಸಿದಂತೆ ಕಾಣುವುದಿಲ್ಲ. ಗೋಗ್ರಹಣದಲ್ಲಿ ಗೆದ್ದುದು ಬೃಹನ್ನಳೆಯೆಂದೇ ಕುಮಾರವ್ಯಾಸನ ಕೇಳುಗರು ಸಂತೋಷಪಟ್ಟಿರುವರು.

ಪ್ರಕಟನೆಗಳನ್ನು ಬರೆಯುವವರು ತಮ್ಮ ಬೆಂಬಲಕ್ಕೆ ಶಿಖಂಡಿಯನ್ನೂ ಮೋಹಿನಿಯನ್ನೂ ಮೇಲಿಂದ ಮೇಲೆ ಕರೆಯುವರು. ಬೇಲೂರಿನ ದೇವಾಲಯದಲ್ಲಿ ಮೋಹಿನಿಯ ಶಿಲ್ಪವನ್ನು ನೋಡಿ ಬಂದ ಹಾಸನದ ಜಿಲ್ಲೆಯವರಿಗೆ ಅದು ಹೊಸದಲ್ಲ. ಆದರೆ ಪುರಾಣದಲ್ಲಿ ದೊರೆತ ಒಂದು ಪಾತ್ರದಿಂದ ಮನೆಯಲ್ಲಿ ಒಂದು ಮೂಲೆ ದೊರೆಯುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಧಾರವು ವ್ಯಾಕರಣದಲ್ಲಿರುವುದು.

ಪಾಣಿನಿಯ ನಾಲ್ಕನೆಯ ಅಧ್ಯಾಯದಲ್ಲಿ ಸ್ತ್ರೀಪ್ರತ್ಯಯಗಳ ಅಧಿಕಾರವು ಬರುವ ಸ್ಥಳದಲ್ಲಿ ಭಾಷ್ಯಕಾರನಾದ ಪತಂಜಲಿಯು, ಹೆಣ್ಣೆಂದರೆ ಯಾರು, ಗಂಡೆಂದರೆ ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವನು. ಸ್ತನವೂ ಕೇಶವೂ ಉಳ್ಳವಳು ಹೆಣ್ಣು, ಮೈಯಲ್ಲಿ ರೋಮವುಳ್ಳವನು ಗಂಡು, ಇವೆರಡರ ನಡುವಣದು ನಪುಂಸಕ ಎಂಬ ಲೋಕದ ಲಕ್ಷಣವನ್ನು ಮುಂದಿಟ್ಟು, ಕೂಡಲೇ ಅದಕ್ಕೆ ಆಕ್ಷೇಪವನ್ನು ತರುವನು. ಹಾಗೆ ಕಣ್ಣಿಗೆ ಕಂಡ ಗುರುತಿನಿಂದಲೇ ನಿರ್ಣಯಿಸುವುದಾದರೆ ‘ಭ್ರೂಕುಂಸ’ನಿಗೆ, ಎಂದರೆ ಸ್ತ್ರೀವೇಷ ಧರಿಸಿದ ನಟನಿಗೆ, ಸ್ತ್ರೀಪ್ರತ್ಯಯವನ್ನು ಹಚ್ಚಬೇಕಾಗುವುದು, ಮಂಚಕ್ಕೂ ಮರಕ್ಕೂ ಯಾವ ಗುರುತೂ ಇಲ್ಲದಿದ್ದರೂ ಒಂದು ಸ್ತ್ರೀಲಿಂಗ, ಇನ್ನೊಂದು ಪುಲ್ಲಿಂಗ. ಆದುದರಿಂದ ಲಿಂಗವು ಲೋಕದ ಪ್ರಯೋಗವನ್ನೂ ನುಡಿಯುವವನ ವಿವಕ್ಷೆಯನ್ನೂ ಅವಲಂಬಿಸಿದುದೆಂಬ ಕಡೆಗೆ ಚರ್ಚೆ ಸಾಗುವುದು. ಹೆಂಡತಿ ಎಂಬ ಒಂದೇ ಅರ್ಥದಲ್ಲಿ ‘ದಾರ’ ಶಬ್ದವು ಪುಲ್ಲಿಂಗವಾಗಿಯೂ, ‘ಭಾರ್ಯಾ’ ಸ್ತ್ರೀಲಿಂಗವಾಗಿಯೂ, ‘ಕಲತ್ರ’ ನಪುಂಸಕವಾಗಿಯೂ ಇರುವ ಭಾಷೆಯನ್ನು ಓದಿದವರು ಈ ಮಾತಿಗೆ ಬೆರಗಾಗಬೇಕಾಗಿಲ್ಲ.

ಬಸವಣ್ಣನವರಿಗಿಂತ ಹಿಂದಿನ ಜೇಡರ ದಾಸಿಮಯ್ಯನು ಕನ್ನಡದಲ್ಲಿ ಇದೇ ಗುರುತುಗಳನ್ನು ಹಿಡಿದು ಮಾತನಾಡಿರುವುದು ಗಮನಿಸತಕ್ಕ ಸಂಗತಿ. ಮೊಲೆ ಮುಡಿಗಳನ್ನು ಕಂಡು ಹೆಣ್ಣೆನ್ನುವ, ಗಡ್ಡಮೀಸೆಗಳನ್ನು ಕಂಡು ಗಂಡೆನ್ನುವ ಜನರನ್ನು ಕುರಿತು, ಎರಡರ ನಡುವೆ ಸುಳಿಯುವ ಆತ್ಮವು ಎರಡೂ ಅಲ್ಲವೆಂದು ಆತನು ಹೇಳುವನು. ದಾಸಿಮಯ್ಯನು ಭಾಷ್ಯವನ್ನು ಓದಿದ್ದನೆಂದು ಸಾಧಿಸುವ ಅಗತ್ಯವಿಲ್ಲ. ನೇಯ್ಗೆಯವನಿಗೆ ಕಣ್ಣು ಸಾಕು. ಆದರೆ ವ್ಯತ್ಯಾಸವನ್ನು ನೋಡಬೇಕು. ಭಾಷ್ಯದ ಲಕ್ಷಣದಲ್ಲಿ ‘ನಡುವೆ’ ಇರುವುದು ಮೂರನೆಯ ದೇಹ, ವಚನದಲ್ಲಿ ‘ನಡುವೆ’ ಇರುವುದು ಆತ್ಮ. ಮಂಜಮ್ಮ ಜೋಗತಿಯವರ ಆತ್ಮಕಥೆಯನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರಿಟ್ಟಾಗ ಮೂರನೆಯ ತಿರುವು ಬಂದಿತು. ಆತ್ಮವಿದ್ದ ಸ್ಥಾನದಲ್ಲಿ ಹೆಣ್ಣು ಬಂದು ನಿಂತಳು. ವಚನವನ್ನು ಬಲ್ಲ ಓದುಗನಿಗೆ ಆ ಶೀರ್ಷಿಕೆಯೊಂದೇ ಹತ್ತು ಪುಟಗಳ ವಾದಕ್ಕೆ ಸಮನಾಗಿದೆ.

ಇಂತಹ ಆಸ್ತಿ ಹಿತ್ತಿಲಲ್ಲಿ ಹೂಳಿರುವಾಗ ಪ್ರಕಟನೆಯವರು ಇಂಗ್ಲಿಷಿನಿಂದ ಸಾಲ ತರುವರೆಂಬುದೇ ವಿಮರ್ಶೆಯ ಮುಖ್ಯ ದೂರು. ‘ಸುರಕ್ಷಿತ ಸ್ಥಳ’ ಎಂಬ ಮಾತನ್ನು ಓದಿದ ಗೃಹಸ್ಥನಿಗೆ ಒಡವೆಯನ್ನಿಡುವ ಬ್ಯಾಂಕಿನ ನೆನಪಾಗುವುದು. ‘ಯಾರೂ ಏನೂ ಅನ್ನದ ಕಡೆ’ ಎಂದರೆ ಬಾಗೂರಿನ ಹುಡುಗನಿಗೂ ತಿಳಿಯುವುದು, ಅವನ ಅಜ್ಜಿಗೂ ತಿಳಿಯುವುದು. ತನ್ನ ಸ್ವಭಾವವನ್ನು ಮನೆಯವರಿಗೆ ತಿಳಿಸುವುದನ್ನು ‘ಹೊರಬರುವುದು’ ಎಂದು ಬರೆಯುವರು. ಮನೆಯಲ್ಲಿ ‘ಹೊರಗಾಗುವುದು’, ‘ಹೊರಗೆ ಕೂರುವುದು’ ಎಂಬ ಮಾತುಗಳಿಗೆ ಬೇರೆಯೇ ಅರ್ಥವಿರುವುದನ್ನು ಬರೆದವರು ಮರೆತರೆಂದು ತೋರುವುದು. ‘ಹೇಳಿಕೊಳ್ಳುವುದು’ ಎಂಬ ಸಾಧಾರಣ ಕ್ರಿಯಾಪದ ಇದ್ದೇ ಇದೆ. ಕಷ್ಟವನ್ನೂ ಸುಖವನ್ನೂ ತಪ್ಪಲ್ಲದ ಗುಟ್ಟನ್ನೂ ಕನ್ನಡಿಗರು ಹೇಳಿಕೊಳ್ಳುವರು. ‘ಅಸ್ಮಿತೆ’, ‘ಒಳಗೊಳ್ಳುವಿಕೆ’, ‘ಸಂವೇದನಾಶೀಲತೆ’ ಎಂಬಿವುಗಳನ್ನು ಕುರಿತು ಬರೆಯುವುದೂ ಆಯಾಸ. ಯೋಗಶಾಸ್ತ್ರದಲ್ಲಿ ಅಸ್ಮಿತೆಯು ಪಂಚಕ್ಲೇಶಗಳಲ್ಲಿ ಒಂದೆಂಬುದನ್ನು ಯಾರಾದರೂ ಅವರಿಗೆ ತಿಳಿಸಬಹುದು.

ಅವರು ಆರಿಸಿದ ಶಬ್ದಗಳಲ್ಲಿ ಅತ್ಯುತ್ತಮವಾದುದು ‘ಹಬ್ಬ’. ಮೆರವಣಿಗೆಗೆ ಮುಂಚಿನ ದಿನಗಳ ನಾಟಕ, ಚರ್ಚೆ, ಆಟಪಾಟಗಳಿಗೆ ‘ಕರ್ನಾಟಕ ಕ್ವಿಯರ್ ಹಬ್ಬ’ ಎಂದು ಹೆಸರು. ನಡುವಿನ ಶಬ್ದ ಪರದೇಶದ್ದಾದರೂ ಕೊನೆಯದು ಅದನ್ನು ಮನೆಗೆ ಕರೆತರುವುದು. ‘ಪರ್ವ’ವೇ ‘ಪಬ್ಬ’ವಾಗಿ ‘ಹಬ್ಬ’ವಾಯಿತು; ಪರ್ವವೆಂದರೆ ಬಿದಿರಿನ ಗೆಣ್ಣು, ಎರಡು ತುಂಡುಗಳನ್ನು ಹಿಡಿದು ನಿಲ್ಲಿಸುವ ಗಂಟು. ‘ಹೆಮ್ಮೆ’ಯನ್ನು ಕುರಿತು ಮಾತ್ರ ಹಿರಿಯರಲ್ಲಿ ಸಂಶಯವಿರಬಹುದು. ಹಳೆಯ ಪದ್ಯಗಳಲ್ಲಿ ಹೆಮ್ಮೆಯು ಬಿಡತಕ್ಕ ದುರ್ಗುಣಗಳ ಸಾಲಿನಲ್ಲಿ ಬರುವುದೇ ಹೆಚ್ಚು. ಆದರೆ ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ತಂದೆ ಪಡುವುದೂ ಹೆಮ್ಮೆಯೇ. ತಂದೆ ಪಡದಿದ್ದಾಗ ಮಗ ತಾನೇ ಪಟ್ಟುಕೊಂಡರೆ ಅದನ್ನು ಮದವೆನ್ನಲಾಗದು.

ಕನ್ನಡವನ್ನು ನಂಬಿ ಬರೆದ ಕಡೆಯಲ್ಲಿ ಅವರಿಗೆ ಭಾಷೆಯೇ ನೆರವಾಗಿದೆ. ಬಂದನು, ಬಂದಳು ಎಂಬ ಭೇದವು ‘ಬಂದರು’ ಎಂಬಲ್ಲಿ ಕರಗುವುದು. ಇಂಗ್ಲಿಷಿನವರು ಈಗ ಬಹುವಚನದ ಸರ್ವನಾಮವನ್ನು ಒಬ್ಬರಿಗೆ ಹೇಗೆ ಬಳಸುವುದೆಂದು ಜಗಳವಾಡುತ್ತಿರುವರು. ಕನ್ನಡದಲ್ಲಿ ಮೇಷ್ಟರನ್ನೂ ಅತ್ತೆಯವರನ್ನೂ ‘ಅವರು’ ಎಂದೇ ಹೇಳುವುದರಿಂದ ಆ ತೊಡಕೇ ಇಲ್ಲ. ಗೌರವಿಸಿದೊಡನೆ ಲಿಂಗವು ಮಾಯವಾಗುವುದು. ‘ಬರುವವರು ಬರಲಿ, ಊಟವಿದೆ’ ಎಂಬಷ್ಟು ಸರಳವಾಗಿ ಬರೆದ ಪ್ರಕಟನೆಯು ಶಾಸ್ತ್ರದಿಂದಲೂ ಶುದ್ಧ, ಲೋಕಕ್ಕೂ ಹಿತ.

ದಿನಗಳ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಈ ಪ್ರಕಟನೆಗಳ ಪಂಚಾಂಗವು ನ್ಯಾಯಾಲಯದ ತೀರ್ಪುಗಳಿಂದ ಕಟ್ಟಲ್ಪಟ್ಟಿದೆ. 2014ನೆಯ ಏಪ್ರಿಲ್ 15 ಎಂದರೆ ಗಂಡೋ ಹೆಣ್ಣೋ ಮೂರನೆಯದೋ ಎಂಬುದನ್ನು ಆಯಾ ವ್ಯಕ್ತಿಯೇ ಹೇಳಬಹುದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ದಿನ. 2018ನೆಯ ಸೆಪ್ಟೆಂಬರ್ 6 ಎಂದರೆ 1860ರ ದಂಡಸಂಹಿತೆಯ 377ನೆಯ ಕಲಮು ಒಪ್ಪಿದ ವಯಸ್ಕರ ಮಟ್ಟಿಗೆ ಬಿದ್ದುಹೋದ ದಿನ. ಅದೇ ನ್ಯಾಯಾಲಯವು 2013ನೆಯ ಡಿಸೆಂಬರ್ 11ರಂದು ಆ ಕಲಮನ್ನು ಎತ್ತಿಹಿಡಿದಿತ್ತು. 2023ನೆಯ ಅಕ್ಟೋಬರ್ 17ರಂದು ಇವರ ವಿವಾಹವನ್ನು ಮಾನ್ಯಮಾಡಲು ಒಪ್ಪಲಿಲ್ಲ. ಹೀಗೆ ಒಂದೇ ಕಟ್ಟಡದಿಂದ ಬಂದ ನಾಲ್ಕು ತಿಥಿಗಳಲ್ಲಿ ಎರಡು ಹಬ್ಬ, ಎರಡು ಸೂತಕ.

ಇದಕ್ಕಿಂತ ಹಳೆಯ ಪಂಚಾಂಗವು ಚಂದ್ರನದು. ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಜನ ಸೇರುವಾಗ ಜೋಗಪ್ಪಗಳೂ ಸೇರುವರು. ಗಂಡಾಗಿ ಹುಟ್ಟಿ, ದೇವಿ ಮೈಮೇಲೆ ಬಂದಳೆಂದು ಸೀರೆಯುಟ್ಟು, ಚೌಡಿಕೆ ನುಡಿಸುತ್ತ, ಕೊಡ ಹೊತ್ತು ಕುಣಿಯುವ ಇವರಿಗೆ ಯಾವ ಪ್ರಕಟನಪತ್ರವೂ ಹೋಗುವುದಿಲ್ಲ, ಹುಣ್ಣಿಮೆಯೇ ಪ್ರಕಟನೆ. ಮಂಜಮ್ಮನವರು ಈ ಪರಂಪರೆಯವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇದನ್ನು ಕಂಡು, ಹಿಂದಿನವರು ಎಲ್ಲರಿಗೂ ಸ್ಥಾನ ಕೊಟ್ಟಿದ್ದರೆಂದು ಹಿಗ್ಗುವ ವಿದ್ವಾಂಸರಿರುವರು. ಸ್ಥಾನ ಕೊಟ್ಟುದು ದೇವಿಯ ಹೆಸರಿಗೆ. ಆ ಹೆಸರಿನ ಹೊರಗೆ ಜೋಗಪ್ಪನಿಗೆ ಇದ್ದುದು ಭಿಕ್ಷೆಯ ಪಡಲಿಗೆ ಮಾತ್ರ.

ಹೇಮಾವತಿಯ ಸೀಮೆಯಲ್ಲಿ ಆ ಪರಂಪರೆ ಸವದತ್ತಿಯ ಕಡೆಯಷ್ಟು ಬಲವಾಗಿಲ್ಲ. ಈ ಕಡೆಯಲ್ಲಿದ್ದುದು ಮೂಡಲಪಾಯದ ಆಟ. ಹೊಲ ಉತ್ತು ಬಂದವನು ರಾತ್ರಿ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದನು. ಊರು ಅವನ ಅಳುವಿಗೆ ಅಳುತ್ತಿತ್ತು. ಬೆಳಗಾಗುವವರೆಗೆ ಮಾತ್ರ ಅಪ್ಪಣೆ. ಬಣ್ಣ ತೊಳೆದ ಮೇಲೂ ನಡಿಗೆಯಲ್ಲಿ ಹೆಣ್ಣುತನ ಉಳಿದಿದ್ದರೆ ಅದೇ ಊರು ನಗುತ್ತಿತ್ತು. ಪತಂಜಲಿಯು ಭ್ರೂಕುಂಸನನ್ನು ಉದಾಹರಿಸಿ ಮುಂದೆ ಹೋದನು. ಭ್ರೂಕುಂಸನು ಬೆಳಗ್ಗೆ ಮನೆಗೆ ಹೋದ ಮೇಲೆ ಏನಾದನೆಂದು ಕೇಳಲಿಲ್ಲ.

ಅದನ್ನು ಕೇಳುವುದು ಕಥೆಗಾರರ ಕೆಲಸ. ಕೂಟಗಳಿಂದಲೇ ಅಥವಾ ಅವುಗಳ ಸುತ್ತಿನಿಂದ ಬಂದ ಗ್ರಂಥಗಳು ಕನ್ನಡದಲ್ಲಿ ಈಗ ಕೆಲವಿರುವುವು. ತಮಿಳುನಾಡಿನ ನಾಮಕ್ಕಲ್ ಸೀಮೆಯಿಂದ ಬಂದು ಸಂಗಮದಲ್ಲಿ ಕೆಲಸಮಾಡಿದ ರೇವತಿಯವರ ಜೀವನಕಥೆಯು ದು. ಸರಸ್ವತಿಯವರ ಕೈಯಿಂದ ‘ಬದುಕು ಬಯಲು’ ಎಂದು ಕನ್ನಡವಾಯಿತು, ರಂಗಕ್ಕೂ ಏರಿತು. ಲಿವಿಂಗ್ ಸ್ಮೈಲ್ ವಿದ್ಯಾರವರ ಆತ್ಮಕಥೆಯಿಂದ ಬಿ.ಎಸ್. ಲಿಂಗದೇವರು ‘ನಾನು ಅವನಲ್ಲ ಅವಳು’ ಎಂಬ ಚಿತ್ರವನ್ನು ಮಾಡಿದರು. ಅದರಲ್ಲಿ ನಟಿಸಿದ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿಯನ್ನು ಪಡೆದರು, 2021ರಲ್ಲಿ ಅಕಾಲಮರಣಕ್ಕೆ ಈಡಾದರು. ಆ ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿದರೆ ಕನ್ನಡದ ಪ್ರತ್ಯಯಗಳ ಚುರುಕು ತಿಳಿಯುವುದು.

ಇವೆಲ್ಲಕ್ಕಿಂತ ಪ್ರಕಟನೆಗಳನ್ನು ಬರೆಯುವವರು ಓದತಕ್ಕುದು ವಸುಧೇಂದ್ರರ ‘ಮೋಹನಸ್ವಾಮಿ’. 2013ರಲ್ಲಿ ಹೊರಬಂದ ಈ ಕಥಾಸಂಕಲನದಲ್ಲಿ ವಾದವಿಲ್ಲ, ಘೋಷಣೆಯಿಲ್ಲ. ಕೂಡಿ ಬಾಳಿದ ಗೆಳೆಯ ಕಾರ್ತಿಕನು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಗೆ ಆಗುವ ನೋವು ಯಾವ ಗೃಹಿಣಿಗೂ ಅಪರಿಚಿತವಲ್ಲ. ಬಿಟ್ಟುಹೋದವನಿಗಾಗಿ ಅಳುವ ಹಕ್ಕು ಗಂಡ ಬಿಟ್ಟವಳಿಗೆ ಇರುವುದು, ಇವನಿಗೆ ಅದೂ ಇಲ್ಲ; ಏಕೆ ಸಪ್ಪಗಿದ್ದೀಯೆ ಎಂದು ಕೇಳಿದವರಿಗೆ ಹೇಳಲು ಸಂಬಂಧದ ಹೆಸರಿಲ್ಲ. ಕೆಲವು ಕಥೆಗಳು ಉದ್ದವಾಗಿವೆ, ಅಲ್ಲಲ್ಲಿ ಪ್ರಸಂಗಗಳು ಒರಟಾಗಿವೆ, ಸಭ್ಯ ವಾಚಕರು ಮುಖ ತಿರುಗಿಸುವ ಪುಟಗಳೂ ಇವೆ. ಆದರೂ ಮನೆಮಾತಿನ ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಸಾಧ್ಯವೆಂಬುದನ್ನು ಆ ಪುಸ್ತಕವು ತೋರಿಸಿಕೊಟ್ಟಿತು. ಅದಾದ ಮೇಲೆ ‘ಕನ್ನಡದಲ್ಲಿ ಶಬ್ದವಿಲ್ಲ’ ಎಂಬ ನೆವವು ನಿಲ್ಲುವುದಿಲ್ಲ.

ಸುದ್ದಿಯ ಭಾಗದಲ್ಲಿ ವಿಮರ್ಶಿಸಬೇಕಾದುದು ಸ್ವಲ್ಪ. 2021ರಲ್ಲಿ ಕರ್ನಾಟಕ ಸರಕಾರವು ನೇಮಕಾತಿ ನಿಯಮಗಳನ್ನು ತಿದ್ದಿ ಇವರಿಗೆ ಶೇಕಡ 1ರಷ್ಟು ಹುದ್ದೆಗಳನ್ನು ಮೀಸಲಿಟ್ಟಿತು. ‘ಮೈತ್ರಿ’ ಎಂಬ ಮಾಸಾಶನವಿದೆ. 2019ರ ಕಾಯಿದೆಯಂತೆ ಗುರುತಿನ ಪ್ರಮಾಣಪತ್ರವನ್ನು ಜಿಲ್ಲಾ ದಂಡಾಧಿಕಾರಿಗಳು ಕೊಡುವರು. ಬಾಗೂರಿನವರಿಗೆ ಹಾಸನದ ಜಿಲ್ಲಾಧಿಕಾರಿಗಳ ಕಚೇರಿಯೇ ಆ ಬಾಗಿಲು. ‘ಸಬಲೀಕರಣ’ವೆಂದು ಹತ್ತು ಸಲ ಬರೆಯುವುದಕ್ಕಿಂತ ಹಾಸನದ ಆ ಬಾಗಿಲನ್ನು ಒಂದು ಸಲ ಹೆಸರಿಸುವುದು ಲೇಸು. ಪ್ರಕಟನೆಗಳು ಬೆಂಗಳೂರನ್ನೇ ಕರ್ನಾಟಕವೆಂದು ತಿಳಿದು ಬರೆಯಲ್ಪಡುವುವೆಂಬ ಆಕ್ಷೇಪವನ್ನೂ ಇಲ್ಲಿಯೇ ಸೇರಿಸಬಹುದು. ಪೋಲೀಸು ಕಾಯಿದೆಗೆ 2011ರಲ್ಲಿ ಸೇರಿಸಿದ 36ಎ ಕಲಮಿನಲ್ಲಿ ಇವರನ್ನು ನಪುಂಸಕರೆಂಬ ಅರ್ಥದ ಶಬ್ದದಿಂದ ಕರೆದು ಪಟ್ಟಿಮಾಡಲು ಹೊರಟಿದ್ದರು. ಕೂಟಗಳು ನ್ಯಾಯಾಲಯಕ್ಕೆ ಹೋದುವು. ಆಮೇಲೆ ಸರಕಾರವೇ ಆ ಶಬ್ದವನ್ನು ತೆಗೆಯಿತು. ಒಂದು ನಾಮಪದಕ್ಕಾಗಿ ಇಷ್ಟು ಹೋರಾಡಿದವರು ತಮ್ಮ ಪತ್ರಗಳ ನಾಮಪದಗಳಲ್ಲಿ ಅಸಡ್ಡೆ ಮಾಡಬಾರದು.

ಕಡೆಯದಾಗಿ ಶೋಕಸಭೆಯ ಪ್ರಕಟನೆ. ಹತವಾದವರನ್ನು ನೆನೆಯಲು ನವಂಬರ್ 20ನ್ನು ಲೋಕದ ಅನೇಕ ಕಡೆ ಆಚರಿಸುವರು, ಬೆಂಗಳೂರಿನಲ್ಲಿಯೂ ಆಚರಿಸುವರು. ಅಲ್ಲಿ ಹೆಸರುಗಳನ್ನು ಓದುವರು. ಇವರ ಬರಹಗಳಲ್ಲಿ ಅತ್ಯಂತ ಶುದ್ಧವಾದ ಗದ್ಯವು ಇದೇ. ವಿಶೇಷಣಗಳಿಲ್ಲ, ಪರದೇಶದ ಮಾತುಗಳಿಲ್ಲ, ಹೆಸರು ಮತ್ತು ಊರು ಮಾತ್ರ. ಆ ಹೆಸರು ಸತ್ತವರು ತಾವೇ ಇಟ್ಟುಕೊಂಡುದು. ಮನೆಯವರು ಅಚ್ಚುಹಾಕಿಸುವ ಉತ್ತರಕ್ರಿಯೆಯ ಕಾಗದದಲ್ಲಿ ಇರುವುದು ತೊಟ್ಟಿಲಲ್ಲಿ ಇಟ್ಟ ಹೆಸರು, ‘ಚಿರಂಜೀವಿ’ ಎಂದು ಮೊದಲು ಕರೆದ ಹೆಸರು. ಒಬ್ಬರೇ ಮನುಷ್ಯರಿಗೆ ಎರಡು ಕಾಗದಗಳು ಒಂದೇ ವಾರದಲ್ಲಿ ಹೊರಡುವುವು. ವೈದಿಕರ ಮನೆಯಾದರೆ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದು. ಸಂಕಲ್ಪದಲ್ಲಿ ಪುರೋಹಿತನು ಗಂಡಿಗಾದರೆ ‘ಗೋತ್ರಸ್ಯ’ ಎಂದೂ ಹೆಣ್ಣಿಗಾದರೆ ‘ಗೋತ್ರಾಯಾಃ’ ಎಂದೂ ಹೇಳಬೇಕು. ಅಲ್ಲಿ ‘ಅವರು’ ಎಂದು ತಪ್ಪಿಸಿಕೊಳ್ಳುವ ಕನ್ನಡದ ಸೌಲಭ್ಯವಿಲ್ಲ. ದರ್ಭೆ ಹಿಡಿದು ಕುಳಿತ ತಂದೆಯ ಮುಖವನ್ನು ಪುರೋಹಿತನು ನೋಡುವನು, ಷಷ್ಠೀ ವಿಭಕ್ತಿಯ ಪ್ರತ್ಯಯ ಯಾವುದೆಂದು. ಭಾಷ್ಯಕಾರನು ವಿವಕ್ಷೆ ಎಂದನು. ಯಾರ ವಿವಕ್ಷೆ, ಹೇಳುವವನದೋ, ಹೇಳಿಸಿಕೊಳ್ಳುವವರದೋ ಎಂಬುದನ್ನು ಆ ತಂದೆ ಅಷ್ಟರಲ್ಲಿಯೇ ನಿರ್ಣಯಿಸಬೇಕು.